ಬೆಂಗಳೂರಿನಲ್ಲಿ ಆಫೀಸಿಗೆ ಕಾರ್‌ಪೂಲ್: ಆಪ್ ಹಾಕಿದ ಮೊದಲ ವಾರಕ್ಕೇ ಕೈಬಿಡದಿರಲು ಏನು ಮಾಡಬೇಕು

ಕಾರ್‌ಪೂಲ್ ಅಂದರೆ ಒಂದೇ ದಾರಿಯವರು ಒಬ್ಬರ ಕಾರಿನಲ್ಲಿ ಖರ್ಚು ಹಂಚಿಕೊಂಡು ಹೋಗುವುದು. ಅದಕ್ಕೆ ಜೊತೆಗಾರರನ್ನು ಹುಡುಕಿಕೊಡುವ ಆಪ್ ಹಾಕಿಕೊಂಡವರಲ್ಲಿ ಬಹಳ ಜನ ಒಂದೇ ರೀತಿಯಲ್ಲಿ ಸೋಲುತ್ತಾರೆ. ಸೋಮವಾರ ಬೆಳಗ್ಗೆ ಎಂಟೂವರೆಗೆ ಆಪ್ ತೆರೆಯುತ್ತಾರೆ. ಮನೆ ವಿಳಾಸ, ಆಫೀಸ್ ವಿಳಾಸ ಹಾಕಿ ಕಾಯುತ್ತಾರೆ. ಯಾರೂ ಒಪ್ಪುವುದಿಲ್ಲ, ಆಟೊ ಹತ್ತಿ ಹೋಗುತ್ತಾರೆ. ಬುಧವಾರ ಒಬ್ಬರು ಸಿಗುತ್ತಾರೆ, ಆದರೆ ಕಾರು ನಿಂತ ಜಾಗ ಒಂದು, ಇವರು ನಿಂತ ಜಾಗ ಇನ್ನೊಂದು. ಫೋನ್ ಮಾಡಿ ಹುಡುಕಾಡುವಷ್ಟರಲ್ಲಿ ಇಬ್ಬರಿಗೂ ಬೇಸರ. ಶುಕ್ರವಾರದ ಹೊತ್ತಿಗೆ ಆಪ್ ಡಿಲೀಟ್ ಆಗಿರುತ್ತದೆ. ‘ಈ ಊರಲ್ಲಿ ಇದೆಲ್ಲ ನಡೆಯಲ್ಲ ಬಿಡಿ’ ಅನ್ನುತ್ತಾರೆ.

ನಡೆಯುತ್ತದೆ. ಕ್ಯಾಬ್ ಬುಕ್ ಮಾಡಿದ ಹಾಗೆ ಬಳಸಿದರೆ ಮಾತ್ರ ನಡೆಯುವುದಿಲ್ಲ. ಕ್ಯಾಬ್ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಪೂಲ್‌ನಲ್ಲಿ ನೀವು ಇನ್ನೊಬ್ಬರ ದಾರಿಗೆ ಹೋಗಿ ನಿಲ್ಲಬೇಕು. ದಿನಾ ಬೆಳಗ್ಗೆ ಆಪ್‌ನಲ್ಲಿ ಹೊಸಬರನ್ನು ಹುಡುಕುತ್ತಾ ಕೂರುವವರಿಗೆ ಇದು ಎಂದೂ ಒಗ್ಗುವುದಿಲ್ಲ. ಒಂದೆರಡು ವಾರ ಹುಡುಕಿ, ತಮ್ಮ ದಾರಿಯ, ತಮ್ಮ ಹೊತ್ತಿನ ನಾಲ್ಕೈದು ಜನರನ್ನು ಹಿಡಿದುಕೊಂಡವರಿಗೆ ವರ್ಷಗಟ್ಟಲೆ ನಡೆಯುತ್ತದೆ. ಕೆಳಗಿನ ಹಂತಗಳೆಲ್ಲ ಆ ನಾಲ್ಕೈದು ಜನರನ್ನು ಹಿಡಿಯುವುದಕ್ಕೇ ಇವೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಬಹಳ ಜನ ಮೂರನೇ ಹಂತದಿಂದ ಶುರು ಮಾಡಿಯೇ ಸೋಲುವುದು.

ಉದಾಹರಣೆಗೆ ಬನಶಂಕರಿಯಿಂದ ಹೊರವರ್ತುಲ ರಸ್ತೆ ಹಿಡಿದು ಕಾಡುಬೀಸನಹಳ್ಳಿಗೆ ಹೋಗುವ ದಾರಿಯನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮದು ಹೆಬ್ಬಾಳ, ಮಾನ್ಯತಾ ಕಡೆಯ ದಾರಿಯಾದರೂ ಲೆಕ್ಕ ಇದೇ.

## ಶುರು ಮಾಡುವ ಮೊದಲು: ನಿಮಗೆ ಪೂಲ್ ಬೇಕೇ?

ಮೊದಲು ಮೆಟ್ರೊ ನಕ್ಷೆ ನೋಡಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗೆ ಶುರುವಾಯಿತು. ವಿಜಯನಗರದಿಂದ ಐಟಿಪಿಎಲ್‌ಗೋ, ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವವರು ಪೂಲ್‌ಗಾಗಿ ತಲೆಕೆಡಿಸಿಕೊಳ್ಳಬೇಡಿ, ಮೆಟ್ರೊ ಹತ್ತಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆ ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳಿಗೆ ಹೋಗುವವರಿಗೆ ಮಾತ್ರ, ನೀಲಿ ಮಾರ್ಗ ಓಡುವ ತನಕ, ಪೂಲ್ ನಿಜವಾದ ಉತ್ತರ.

ಎರಡನ್ನೂ ಜೋಡಿಸಿಕೊಳ್ಳಬಹುದು. ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೊ, ಅಲ್ಲಿಂದ ಮುಂದಕ್ಕೆ ಪೂಲ್. ಜೊತೆಗಾರರು ಸಿಗುವ ಸಾಧ್ಯತೆ ಇದರಿಂದ ಜಾಸ್ತಿಯಾಗುತ್ತದೆ, ಯಾಕೆಂದರೆ ನಿಮ್ಮ ಬಡಾವಣೆಯಿಂದಲೇ ಹೊರಡುವ ಕಾರು ಬೇಕಾಗಿಲ್ಲ. ಸಿಲ್ಕ್ ಬೋರ್ಡ್ ದಾಟುವ ಯಾವ ಕಾರಾದರೂ ಆಯಿತು.

ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಮನೆಯಿಂದ ಆಫೀಸಿಗೂ ಆಫೀಸಿನಿಂದ ಮನೆಗೂ ವಾಹನ ಕೊಡುವುದು ಕಂಪನಿಯ ಹೊಣೆ. ಅದನ್ನು ಕೇಳಿ ಪಡೆಯಿರಿ, ಪೂಲ್ ನೆಚ್ಚಿಕೊಳ್ಳಬೇಡಿ. ದಿನಕ್ಕೊಂದು ಹೊತ್ತಿಗೆ ಹೊರಡುವ ಕೆಲಸದವರಿಗೂ ಇದು ಹೊಂದುವುದು ಕಷ್ಟ.

## ಕೈಯಲ್ಲಿ ಏನೇನಿರಬೇಕು

ಆಫೀಸಿನ ಇಮೇಲ್ ಅಥವಾ ಕಂಪನಿಯ ಗುರುತಿನ ಚೀಟಿ, ಸರ್ಕಾರಿ ಗುರುತಿನ ಚೀಟಿ ಒಂದು, ಮುಖ ಸ್ಪಷ್ಟವಾಗಿ ಕಾಣುವ ಫೋಟೊ, ಯುಪಿಐ ಇರುವ ಫೋನ್. ಕಾರಿನವರಿಗೆ ಇವುಗಳ ಜೊತೆ ಡಿಎಲ್, ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆ ಪತ್ರ. ಇವನ್ನೆಲ್ಲ ಡಿಜಿಲಾಕರ್‌ನಲ್ಲಿ ಇಟ್ಟುಕೊಂಡರೆ ಸಾಕು. ಕಾರಿನಲ್ಲಿ ಫೋನ್ ಚಾರ್ಜರ್ ಒಂದಿರಲಿ. ದಾರಿ ಮಧ್ಯೆ ಫೋನ್ ಸತ್ತರೆ ಪಿಕಪ್ ಹಾಳಾಯಿತು ಅಂತಲೇ ಲೆಕ್ಕ.

ಯಾವ ಆಪ್? ದಿನನಿತ್ಯದ ಆಫೀಸ್ ಓಡಾಟಕ್ಕೆ ಬೆಂಗಳೂರಿನಲ್ಲಿ ಹೆಚ್ಚು ಜನ ಬಳಸುವುದು ಕ್ವಿಕ್ ರೈಡ್. ಬ್ಲಾಬ್ಲಾಕಾರ್ ಇರುವುದು ಮುಖ್ಯವಾಗಿ ಊರಿಂದೂರಿಗೆ ಹೋಗುವವರಿಗೆ. ಮೈಸೂರಿಗೋ ಹುಬ್ಬಳ್ಳಿಗೋ ಹೊರಟರೆ ಅದು ಸರಿ, ಬನಶಂಕರಿಯಿಂದ ಬೆಳ್ಳಂದೂರಿಗೆ ಅದರಲ್ಲಿ ಹುಡುಕಿ ‘ಯಾರೂ ಇಲ್ಲ’ ಎಂದು ಬೇಸರಪಡಬೇಡಿ. ನಾಲ್ಕು ಆಪ್ ಹಾಕಿಕೊಂಡು ನಾಲ್ಕರಲ್ಲೂ ಅರೆಬರೆ ಪ್ರೊಫೈಲ್ ಇಡುವುದೂ ತಪ್ಪೇ. ನಿಮ್ಮ ಆಫೀಸಿನಲ್ಲಿ, ಟೆಕ್ ಪಾರ್ಕ್‌ನಲ್ಲಿ ಜನ ಯಾವುದನ್ನು ಬಳಸುತ್ತಾರೆ ಎಂದು ಕೇಳಿ, ಆ ಒಂದನ್ನೇ ಚೆನ್ನಾಗಿ ತುಂಬಿ.

## ಹಂತ 1: ವಿಳಾಸ ಬಿಟ್ಟು ದಾರಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಿಂದ ಆಫೀಸಿನವರೆಗೆ ನೀವು ದಾಟುವ ದೊಡ್ಡ ಜಂಕ್ಷನ್‌ಗಳನ್ನು ಸಾಲಾಗಿ ಬರೆಯಿರಿ. ಬನಶಂಕರಿ, ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು, ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ. ಇದರಲ್ಲಿ ಮನೆಯಿಂದ ಒಂದು ಬಸ್ಸಿನಲ್ಲಿ, ಆಟೊದಲ್ಲಿ ಅಥವಾ ನಡೆದು ತಲುಪಬಹುದಾದ ಎರಡು ಜಾಗ ಗುರುತು ಮಾಡಿ. ಇಳಿಯುವ ಕಡೆಯೂ ಹಾಗೆಯೇ ಎರಡು.

ಮನೆ ವಿಳಾಸ ಹಾಕಿದರೆ ಆಪ್ ನಿಮ್ಮ ಬೀದಿಯ ಹತ್ತಿರ ಹಾಯುವ ಕಾರನ್ನು ಹುಡುಕುತ್ತದೆ. ಜಂಕ್ಷನ್ ಹಾಕಿದರೆ ಆ ಮುಖ್ಯರಸ್ತೆಯಲ್ಲಿ ಹೋಗುವ ಎಲ್ಲ ಕಾರುಗಳೂ ಲೆಕ್ಕಕ್ಕೆ ಬರುತ್ತವೆ. ಕತ್ರಿಗುಪ್ಪೆಯ ಒಳಬೀದಿ ಹಾಕಿ ಒಬ್ಬರೂ ಸಿಗದವರು ರಾಗಿಗುಡ್ಡ ಮೆಟ್ರೊ ನಿಲ್ದಾಣ ಅಂತ ಹಾಕಿ ನೋಡಲಿ. ಮನೆ ವಿಳಾಸ ಹಾಕದಿರಲು ಇನ್ನೊಂದು ಕಾರಣವೂ ಇದೆ. ನೀವು ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಮನೆಗೆ ಬೀಗ ಹಾಕುತ್ತೀರಿ ಎಂಬುದು ಅಪರಿಚಿತರಿಗೆ ಗೊತ್ತಾಗುವ ಅಗತ್ಯ ಇಲ್ಲ.

## ಹಂತ 2: ಹತ್ತುವ ಜಾಗವನ್ನು ಕಾಲ್ನಡಿಗೆಯಲ್ಲಿ ನೋಡಿಬನ್ನಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಂಗಳೂರಿನ ರಸ್ತೆ ಈಗ ಮಹಡಿ ಮಹಡಿಯಾಗಿದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆಯ ಒಂದು ಬದಿ 2024ರ ಜುಲೈನಲ್ಲಿ ತೆರೆಯಿತು. ಕೆಳಗೆ ಹಳೇ ರಸ್ತೆ, ಅದರ ಮೇಲೆ ವಾಹನ, ಅದರ ಮೇಲೆ ಮೆಟ್ರೊ. ಬನಶಂಕರಿ ಕಡೆಯಿಂದ ಬರುವವರು ಸಿಗ್ನಲ್ ತಪ್ಪುತ್ತದೆಂದು ಸೀದಾ ಮೇಲೆ ಹತ್ತಿಬಿಡುತ್ತಾರೆ. ನೀವು ಬಿಟಿಎಂ ಹತ್ತಿರ ಕೆಳಗೆ ಬಸ್ ಸ್ಟಾಪಿನಲ್ಲಿ ನಿಂತಿರುತ್ತೀರಿ. ಆಪ್‌ನ ನಕ್ಷೆಯಲ್ಲಿ ಕಾರಿನ ಚುಕ್ಕೆ ನಿಮ್ಮ ಚುಕ್ಕೆಯ ಪಕ್ಕದಲ್ಲೇ ಬರುತ್ತದೆ, ಮುಂದಕ್ಕೆ ಹೋಗಿಬಿಡುತ್ತದೆ. ಕಾರು ನಿಜಕ್ಕೂ ನಿಮ್ಮ ತಲೆಯ ಮೇಲೆಯೇ ಹೋಯಿತು. ನಕ್ಷೆಯ ಚುಕ್ಕೆಗೆ ಮೇಲೆ, ಕೆಳಗೆ ಎಂಬ ವ್ಯತ್ಯಾಸ ಗೊತ್ತಿಲ್ಲ. ಆಪ್ ‘ದಾರಿ ಹೊಂದಿದೆ’ ಎಂದರೂ ಆ ಕಾರಿಗೆ ಅಲ್ಲಿ ನಿಲ್ಲುವ ಉಪಾಯವೇ ಇರಲಿಲ್ಲ.

ಇದಕ್ಕೆ ಪರಿಹಾರ ಸುಲಭ. ರೈಡ್ ಒಪ್ಪಿದ ಕೂಡಲೇ ಒಂದೇ ಪ್ರಶ್ನೆ ಕೇಳಿ: ‘ನೀವು ಮೇಲಿನಿಂದ ಬರ್ತೀರಾ, ಕೆಳಗಿನಿಂದಾ?’ ಮೇಲಿನಿಂದ ಅಂದರೆ ಮೇಲ್ಸೇತುವೆ ಹತ್ತುವ ಮೊದಲೇ, ರಾಗಿಗುಡ್ಡದ ಹತ್ತಿರ ನಿಲ್ಲಿ. ಇಲ್ಲವೇ ಇಳಿದ ಮೇಲೆ ಎಚ್‌ಎಸ್‌ಆರ್ ಕಡೆಯಲ್ಲಿ.

ಎರಡನೆಯದು ಸರ್ವಿಸ್ ರಸ್ತೆಯ ಸಮಸ್ಯೆ. ಹೊರವರ್ತುಲ ರಸ್ತೆಯಲ್ಲಿ ಮುಖ್ಯರಸ್ತೆ ಬೇರೆ, ಸರ್ವಿಸ್ ರಸ್ತೆ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವ ಕಿಂಡಿಗಳು ಕೆಲವೇ. ಮುಖ್ಯರಸ್ತೆಯಲ್ಲಿ ಬರುವವರನ್ನು ಸರ್ವಿಸ್ ರಸ್ತೆಗೆ ಕರೆದರೆ, ಅವರು ವಾಪಸ್ ಸೇರುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಆ ಹತ್ತು ನಿಮಿಷವನ್ನು ಅವರು ಮರೆಯುವುದಿಲ್ಲ. ಮಾರನೇ ದಿನ ನಿಮ್ಮ ಕೋರಿಕೆಗೆ ಉತ್ತರ ಬರುವುದಿಲ್ಲ. ಅಗರ, ಇಬ್ಬಲೂರುಗಳಲ್ಲಂತೂ ಮೇಲ್ಸೇತುವೆಯೂ ಇರುವುದರಿಂದ ಕಾರು ಮೇಲೋ, ಮುಖ್ಯರಸ್ತೆಯೋ, ಸರ್ವಿಸ್ ರಸ್ತೆಯೋ ಎಂದು ಮೂರು ಬಗೆಯಲ್ಲಿ ತಪ್ಪಬಹುದು.

ಭಾನುವಾರ ಬೆಳಗ್ಗೆ ಹೋಗಿ ಜಾಗ ನೋಡಿಬನ್ನಿ. ಕಾರು ಎಡಕ್ಕೆ ಸರಿದು ಅರ್ಧ ನಿಮಿಷ ನಿಲ್ಲಲು ಜಾಗ ಇದೆಯೇ? ಹಿಂದಿನ ಬಸ್ಸಿಗೆ ಅಡ್ಡವಾಗುತ್ತದೆಯೇ? ಸಿಗ್ನಲ್‌ಗಿಂತ ಹಿಂದೆಯೇ, ಮುಂದೆಯೇ? ಸಿಗ್ನಲ್ ದಾಟಿದ ಮೇಲೆ ಐವತ್ತು ಅರವತ್ತು ಹೆಜ್ಜೆ ಮುಂದೆ ನಿಲ್ಲುವುದೇ ಒಳ್ಳೆಯದು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಓಡಿ ಹೋಗಿ ಹತ್ತೋಣ ಎಂಬ ಯೋಚನೆ ಬೇಡವೇ ಬೇಡ. ನಿಮ್ಮ ಬಾಗಿಲು ತೆರೆದ ಕಡೆಯಿಂದಲೇ ಬೈಕುಗಳು ನುಗ್ಗುತ್ತವೆ. ಬಸ್ ಸ್ಟಾಪಿನ ಎದುರಿಗೂ ಬೇಡ, ಅದರಿಂದ ಸ್ವಲ್ಪ ಮುಂದೆ ನಿಲ್ಲಿ.

ಜಾಗ ಗೊತ್ತಾದ ಮೇಲೆ ಅದಕ್ಕೊಂದು ಗುರುತು ಇಟ್ಟುಕೊಳ್ಳಿ. ‘ಪೆಟ್ರೋಲ್ ಬಂಕ್ ದಾಟಿದ ಮೇಲಿನ ಎಳನೀರು ಗಾಡಿ’ ಎನ್ನುವುದು ಕೆಲಸಕ್ಕೆ ಬರುತ್ತದೆ. ‘ಸಿಲ್ಕ್ ಬೋರ್ಡ್ ಹತ್ರ’ ಎನ್ನುವುದು ಬರುವುದಿಲ್ಲ. ಅಲ್ಲಿ ‘ಹತ್ರ’ ಅಂದರೆ ಅರ್ಧ ಕಿಲೋಮೀಟರ್.

## ಹಂತ 3: ಪ್ರೊಫೈಲ್ ಪೂರ್ತಿ ಮಾಡಿ

ಕಾರಿನವರು ಕೋರಿಕೆ ಬಂದಾಗ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುತ್ತಾರೆ. ಅವರು ನೋಡುವುದು ಫೋಟೊ, ಕಂಪನಿಯ ಹೆಸರು, ದೃಢೀಕರಣದ ಗುರುತು. ಹೂವಿನ ಫೋಟೊ, ಮಗುವಿನ ಫೋಟೊ ಹಾಕಿದ್ದರೆ ಮುಂದಕ್ಕೆ ಸರಿಸಿಬಿಡುತ್ತಾರೆ. ಆಫೀಸ್ ಇಮೇಲ್ ಮೂಲಕ ದೃಢೀಕರಣ ಮುಗಿಸುವ ತನಕ ಒಂದೇ ಒಂದು ಕೋರಿಕೆಯನ್ನೂ ಕಳಿಸಬೇಡಿ.

ಹೆಣ್ಣುಮಕ್ಕಳು ಸೆಟ್ಟಿಂಗ್ಸ್‌ನಲ್ಲಿ ಹೆಣ್ಣುಮಕ್ಕಳ ಜೊತೆ ಮಾತ್ರ ಎಂಬ ಆಯ್ಕೆ ಇದೆಯೇ ನೋಡಿ. ಶುರುವಿನಲ್ಲಿ ಅದನ್ನು ಹಾಕಿದರೆ ಸಿಗುವವರು ಕಡಿಮೆಯಾಗುತ್ತಾರೆ, ನಿಜ. ಆದರೂ ಮೊದಲ ಎರಡು ವಾರ ಹಾಗೇ ಇರಲಿ, ಅಥವಾ ನಿಮ್ಮದೇ ಕಂಪನಿಯವರ ಜೊತೆ ಮಾತ್ರ ಎಂದಿರಲಿ. ಪರಿಚಯ ಬೆಳೆದ ಮೇಲೆ ಸಡಿಲಿಸಬಹುದು. ಫೋನ್ ನಂಬರ್ ಕಾಣದ ಹಾಗೆ ಇಡುವ ಸೌಲಭ್ಯ ಇದ್ದರೆ ಬಳಸಿ.

## ಹಂತ 4: ಕಾರಿನವರು ಇಲ್ಲಿ ನಿಂತು ಕಾನೂನು, ವಿಮೆ ನೋಡಿಕೊಳ್ಳಿ

ಸೀಟು ಕೊಡುವ ಮೊದಲು ಇದನ್ನು ಓದಿ. ಕೊಟ್ಟ ಮೇಲೆ ಓದಿದರೆ ಪ್ರಯೋಜನ ಇಲ್ಲ.

ಬಿಳಿ ಬೋರ್ಡ್ ಕಾರು ಸ್ವಂತ ಬಳಕೆಗೆ. ಬಾಡಿಗೆಗೆ ಜನರನ್ನು ಕೂರಿಸಲು ಹಳದಿ ಬೋರ್ಡ್, ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 192ಎ ಅಡಿ ಕೇಸಾಗುತ್ತದೆ. 2023ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲ್ ನಿಷೇಧವಾಯಿತು ಎಂದು ದೊಡ್ಡ ಗದ್ದಲ ಆಯಿತಲ್ಲ, ಅದರ ಮೂಲ ಇದೇ. ಆಗ ಸಾರಿಗೆ ಸಚಿವ ರಾಮಲಿಂಗಾರೆಡ್ಡಿಯವರ ಕಡೆಯಿಂದ ಬಂದ ಸ್ಪಷ್ಟನೆಯ ತಿರುಳು ಇಷ್ಟು: ಬಿಳಿ ಬೋರ್ಡ್ ಕಾರನ್ನು ಆಪ್ ಮೂಲಕ ದುಡಿಮೆಗೆ ಬಳಸುವಂತಿಲ್ಲ, ಆಪ್‌ಗಳು ಅನುಮತಿ ಪಡೆಯಬೇಕು. ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿಯಲ್ಲಿ ಖಾಸಗಿ ಕಾರಿನ ಪೂಲ್‌ಗೆ ಜಾಗ ಇತ್ತು, ನಗರದೊಳಗೆ ದಿನಕ್ಕೆ ನಾಲ್ಕು ಟ್ರಿಪ್‌ನ ಮಿತಿಯೊಂದಿಗೆ. ಆದರೆ ಕೊನೆಯ ಮಾತನ್ನು ಅದು ರಾಜ್ಯಗಳಿಗೇ ಬಿಟ್ಟಿತ್ತು. ಹಾಗಾಗಿ ಶುರು ಮಾಡುವ ವಾರದಲ್ಲಿ ಸಾರಿಗೆ ಇಲಾಖೆಯ ಹೊಸ ಆದೇಶ ಏನಾದರೂ ಇದೆಯೇ ನೋಡಿಕೊಳ್ಳಿ. ಯಾರದೋ ಹಳೇ ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ಲಾಭ ಮಾಡಬಾರದು, ಖರ್ಚು ಹಂಚಿಕೊಳ್ಳಬೇಕು. ನೀವು ಹಿಡಿಯಬೇಕಾದ ಗೆರೆ ಇದು. ಲೆಕ್ಕ ಹೇಗೆ ಎಂಬುದನ್ನು ಏಳನೇ ಹಂತದಲ್ಲಿ ಬರೆದಿದ್ದೇನೆ.

ಇನ್ನು ವಿಮೆ. ನಿಮ್ಮ ಪಾಲಿಸಿ ತೆಗೆದು ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’, ಅಂದರೆ ಕಾರಿನ ಬಳಕೆಗಿರುವ ಮಿತಿಗಳು ಎಂಬ ಸಾಲು ಹುಡುಕಿ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ‘ಹೈರ್ ಆರ್ ರಿವಾರ್ಡ್’, ಅಂದರೆ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಿದರೆ ರಕ್ಷಣೆ ಇಲ್ಲ ಎಂದು ಬರೆದಿರುತ್ತದೆ. ನೀವು ಪ್ರತಿಫಲ ಪಡೆಯುತ್ತಿದ್ದಿರಿ ಎಂದು ಅಪಘಾತದ ದಿನ ವಿಮಾ ಕಂಪನಿ ವಾದಿಸಿದರೆ, ಪರಿಹಾರದ ಹೊರೆ ನಿಮ್ಮ ಹೆಗಲಿಗೆ ಬರಬಹುದು. ವಿಮಾ ಕಂಪನಿಗೆ ಇಮೇಲ್ ಬರೆಯಿರಿ: ಸಹೋದ್ಯೋಗಿಗಳ ಜೊತೆ ಇಂಧನದ ಖರ್ಚು ಹಂಚಿಕೊಂಡು ಹೋಗುತ್ತೇನೆ, ಪಾಲಿಸಿಗೆ ತೊಂದರೆ ಇದೆಯೇ? ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ ‘ಏನಾಗಲ್ಲ ಸರ್’ ಅಂದರೆ ಅದಕ್ಕೆ ಬೆಲೆ ಇಲ್ಲ. ಜೊತೆಗೆ, ಕಡ್ಡಾಯವಾಗಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರಿಗೆ ಮಾತ್ರ. ಹಿಂದೆ ಕೂರುವವರಿಗೆ ಬೇಕೆಂದರೆ ಹೆಸರಿಲ್ಲದ ಪ್ರಯಾಣಿಕರ ಅಪಘಾತ ವಿಮೆ ಎಂಬ ಹೆಚ್ಚುವರಿ ಕವರ್ ಕೇಳಿ ಹಾಕಿಸಿಕೊಳ್ಳಿ.

## ಹಂತ 5: ರಾತ್ರಿಯೇ ರೈಡ್ ಹಾಕಿ

ಬೆಳಗ್ಗೆ ಎಂಟೂವರೆಗೆ ಹುಡುಕುವವರಿಗೆ ಉಳಿದ ಸೀಟು ಸಿಗುತ್ತದೆ, ಅಥವಾ ಸಿಗುವುದಿಲ್ಲ. ಕಾರಿನವರು ಬಹುತೇಕ ಹಿಂದಿನ ರಾತ್ರಿಯೇ ಜೊತೆಗಾರರನ್ನು ಗೊತ್ತುಮಾಡಿಕೊಂಡಿರುತ್ತಾರೆ. ಊಟ ಮುಗಿಸಿ, ಒಂಬತ್ತು ಹತ್ತರ ಹೊತ್ತಿಗೆ ಮಾರನೇ ದಿನದ ರೈಡ್ ಹಾಕಿ.

ಸಮಯವನ್ನು ‘8.45’ ಎಂದು ಒಂದೇ ಹಾಕಬೇಡಿ. ಇಪ್ಪತ್ತು ನಿಮಿಷದ ಆಚೀಚೆ ಕೊಡಿ. ಮೀಟಿಂಗ್ ಹತ್ತಕ್ಕಿದ್ದರೆ ಸಾಮಾನ್ಯವಾಗಿ ಹೊರಡುವುದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಹೊರಡುವವರನ್ನು ಹುಡುಕಿ. ಹೊರವರ್ತುಲ ರಸ್ತೆಯಲ್ಲಿ ಎಂಟಕ್ಕೆ ಸಿಲ್ಕ್ ಬೋರ್ಡ್ ದಾಟುವುದಕ್ಕೂ ಒಂಬತ್ತಕ್ಕೆ ದಾಟುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಅಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ಮಳೆ ಬಂದ ಮಾರನೇ ದಿನ ಇನ್ನೂ ಬೇಗ ಹೊರಡಿ. ಇಬ್ಬಲೂರು, ಬೆಳ್ಳಂದೂರು ಕಡೆ ನೀರು ನಿಂತರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ.

ವಾರದ ದಿನಗಳನ್ನೂ ನೋಡಿ. ಬಹಳ ಕಂಪನಿಗಳಲ್ಲಿ ಈಗ ವಾರಕ್ಕೆ ಮೂರು ದಿನ ಆಫೀಸು. ನಿಮ್ಮ ದಿನಗಳು ಯಾವುವು ಎಂದು ಪ್ರೊಫೈಲ್‌ನಲ್ಲೇ ಬರೆದರೆ, ಅದೇ ದಿನಗಳವರು ತಾವಾಗಿ ಕೇಳುತ್ತಾರೆ.

## ಹಂತ 6: ಮೊದಲ ರೈಡ್

ಕಾರಿದ್ದವರೂ ಮೊದಲ ಕೆಲವು ಸಲ ಬೇರೆಯವರ ಕಾರಿನಲ್ಲಿ ಪ್ರಯಾಣಿಕರಾಗಿಯೇ ಹೋಗಿನೋಡಿ. ಬಿಸಿಲಲ್ಲಿ ಕಾಯುವುದು ಎಂದರೇನು, ‘ಎರಡೇ ನಿಮಿಷ’ ಎಂಬ ಮಾತು ಹೇಗೆ ಕೇಳುತ್ತದೆ ಎಂಬುದು ಆಗ ತಿಳಿಯುತ್ತದೆ. ಆಮೇಲೆ ನೀವು ಕಾರು ತಂದಾಗ ಜನ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಹತ್ತುವ ಮೊದಲು ನಂಬರ್ ಪ್ಲೇಟ್ ಆಪ್‌ನಲ್ಲಿ ಇರುವುದೇ ತಾನೇ ನೋಡಿ. ಮುಖ ಫೋಟೊಗೆ ಹೊಂದುತ್ತದೆಯೇ ನೋಡಿ. ‘ನನ್ನ ಕಾರು ಸರ್ವಿಸಿಗೆ ಕೊಟ್ಟಿದೀನಿ, ಇದು ಸ್ನೇಹಿತರದ್ದು’ ಎಂದರೆ ಮೊದಲ ರೈಡ್ ಆದರೆ ಹತ್ತಬೇಡಿ. ದಾಕ್ಷಿಣ್ಯ ಬೇಡ. ಲೈವ್ ಲೊಕೇಶನ್ ಮನೆಯವರೊಬ್ಬರಿಗೆ ಕಳಿಸಿ, ಕಳಿಸಿದ್ದೇನೆ ಎಂದು ಕಾರಿನಲ್ಲೇ ಸಹಜವಾಗಿ ಹೇಳಿ. ತುರ್ತಿಗೆ 112 ನೆನಪಿರಲಿ.

ಹಿಂದೆ ಕೂತರೂ ಸೀಟ್ ಬೆಲ್ಟ್ ಹಾಕಿ. ಹಾಕದಿದ್ದರೆ 1,000 ರೂಪಾಯಿ ದಂಡ, ಅದಕ್ಕಿಂತ ಮುಖ್ಯವಾಗಿ ಹಿಂದಿನ ಸೀಟಿನವರು ಮುಂದಿನವರ ಮೇಲೆ ಬೀಳುವ ಅಪಾಯ. ಮೂವರು ಹಿಂದೆ ಕೂತಾಗ ನಡುವಿನವರ ಬೆಲ್ಟ್ ಸೀಟಿನ ಸಂದಿಯಲ್ಲಿ ಹೂತಿರುತ್ತದೆ. ಕಾರಿನವರು ಅದನ್ನು ಹಿಂದಿನ ದಿನವೇ ಮೇಲೆತ್ತಿ ಇಡಿ. ಬೈಕ್ ಪೂಲ್ ಆದರೆ ನಿಮ್ಮದೇ ಐಎಸ್‌ಐ ಹೆಲ್ಮೆಟ್ ಒಯ್ಯಿರಿ.

ಕಾರಿನೊಳಗೆ ಮಾತಾಡಲೇಬೇಕೆಂಬ ನಿಯಮ ಇಲ್ಲ. ನಮಸ್ಕಾರ ಹೇಳಿ, ಹೆಸರು ಹೇಳಿ, ಸುಮ್ನೆ ಕೂತರೂ ಯಾರೂ ತಪ್ಪು ತಿಳಿಯುವುದಿಲ್ಲ. ಫೋನಿನಲ್ಲಿ ಜೋರಾಗಿ ಆಫೀಸ್ ಕಾಲ್ ಮಾಡುವುದು ಮಾತ್ರ ಎಲ್ಲರಿಗೂ ಕಿರಿಕಿರಿ. ನಿಮ್ಮ ಕಂಪನಿಯ ಒಳಗಿನ ವಿಷಯ ಪಕ್ಕದ ಕಂಪನಿಯವರ ಕಿವಿಗೆ ಬೀಳುವುದೂ ಒಳ್ಳೆಯದಲ್ಲ.

## ಹಂತ 7: ದುಡ್ಡಿನ ಮಾತು ಮೊದಲೇ ಮುಗಿಸಿ

ಸಂಕೋಚಪಟ್ಟು ದುಡ್ಡಿನ ಮಾತು ಮುಂದೂಡಿದ ಗುಂಪುಗಳು ಉಳಿಯುವುದಿಲ್ಲ. ಲೆಕ್ಕ ಹೀಗೆ ಮಾಡಿ. ಬನಶಂಕರಿಯಿಂದ ಕಾಡುಬೀಸನಹಳ್ಳಿಗೆ 18 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಟ್ರಾಫಿಕ್‌ನಲ್ಲಿ ಕಾರು ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ಒಂದೂವರೆ ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಸುಮಾರು 155 ರೂಪಾಯಿ. ಕಾರಿನವರೂ ಸೇರಿ ನಾಲ್ವರಿದ್ದರೆ ತಲೆಗೆ 39 ರೂಪಾಯಿ. ಮೂವರಿಂದ 117 ಬಂದು, ಉಳಿದ 38 ಕಾರಿನವರ ಪಾಲು. ಇದು ಹಂಚಿಕೆ.

ಈಗ ತಲೆಗೆ 90 ಕೇಳಿದರೆ ಮೂವರಿಂದ 270 ಬರುತ್ತದೆ, ಖರ್ಚು 155. ಇದು ಹಂಚಿಕೆಯ ಗೆರೆ ದಾಟಿತು. ಆಪ್ ತೋರಿಸುವ ದರ ನಿಮ್ಮ ನಿಜ ಖರ್ಚಿಗಿಂತ ಹೆಚ್ಚಿದ್ದರೆ ಕಾರಿನವರೇ ಅದನ್ನು ಇಳಿಸಬೇಕು. ಪಾರ್ಕಿಂಗ್, ಟೋಲ್ ಇದ್ದರೆ ಬೇರೆಯಾಗಿ ಹೇಳಿ, ಒಟ್ಟಿಗೆ ಗೋಜಲು ಮಾಡಬೇಡಿ.

ಕೆಲವು ಆಪ್‌ಗಳಲ್ಲಿ ದುಡ್ಡು ಪಾಯಿಂಟ್ ರೂಪದಲ್ಲಿ ವ್ಯಾಲೆಟ್‌ನಲ್ಲಿ ಕೂರುತ್ತದೆ. ಅದರಲ್ಲಿ ಒಂದು ವಾರದ ಓಡಾಟಕ್ಕಿಂತ ಜಾಸ್ತಿ ಇಡಬೇಡಿ. 2022ರ ಆರಂಭದಲ್ಲಿ ಎಸ್‌ರೈಡ್ ಎಂಬ ಆಪ್ ಅಗತ್ಯ ಅನುಮತಿ ಪಡೆಯದೆ ವ್ಯಾಲೆಟ್ ನಡೆಸುತ್ತಿದೆ ಎಂದು ರಿಸರ್ವ್ ಬ್ಯಾಂಕೇ ಜನರಿಗೆ ಎಚ್ಚರಿಕೆ ಕೊಡಬೇಕಾಗಿ ಬಂತು. ಪಾಯಿಂಟ್ ದುಡ್ಡಾಗುವುದು ಹೇಗೆ, ಯಾವಾಗ, ಎಷ್ಟು ಕಡಿತ ಎಂಬುದನ್ನು ಮೊದಲ ರೀಚಾರ್ಜ್‌ಗೆ ಮೊದಲೇ ಓದಿ.

## ಹಂತ 8: ಸಂಜೆಗೆ ಬೇರೆ ಲೆಕ್ಕ

ಬೆಳಗ್ಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತಾರೆ. ಸಂಜೆ ಹಾಗಲ್ಲ. ಒಬ್ಬರಿಗೆ ಐದೂವರೆ, ಇನ್ನೊಬ್ಬರಿಗೆ ವಿದೇಶದ ಕಾಲ್ ಮುಗಿದು ಎಂಟೂವರೆ. ಬೆಳಗ್ಗೆ ಬಂದ ಕಾರಿನಲ್ಲೇ ಸಂಜೆಯೂ ಹೋಗಬೇಕೆಂದು ಹಟ ಹಿಡಿದರೆ ಒಂದು ವಾರವೂ ನಡೆಯುವುದಿಲ್ಲ. ಬೆಳಗ್ಗೆಗೆ ಒಂದು ಗುಂಪು, ಸಂಜೆಗೆ ಬೇರೆ ಗುಂಪು ಎಂದೇ ಇಟ್ಟುಕೊಳ್ಳಿ.

ಮಧ್ಯಾಹ್ನ ಮೂರರ ಒಳಗೆ ಸಂಜೆಯ ರೈಡ್ ಹಾಕಿ. ಆರಕ್ಕೆ ಒಪ್ಪಿಗೆ ಬರದಿದ್ದರೆ ಕಾಯಬೇಡಿ, ಬದಲಿ ದಾರಿ ಹಿಡಿಯಿರಿ. ಬಿಎಂಟಿಸಿ ವಜ್ರ ಬಸ್ಸು ಎಲ್ಲಿ ನಿಲ್ಲುತ್ತದೆ, ಸಿಲ್ಕ್ ಬೋರ್ಡ್‌ನಿಂದ ಕೊನೆಯ ಮೆಟ್ರೊ ಎಷ್ಟೊತ್ತಿಗೆ ಎಂಬುದು ಮೊದಲೇ ಗೊತ್ತಿರಲಿ. ಸಂಜೆಯ ಬದಲಿ ದಾರಿ ಗೊತ್ತಿಲ್ಲದವರೇ ಬೇಗ ಸೋತು ಸ್ವಂತ ಕಾರಿಗೆ ಮರಳುವುದು.

ಟೆಕ್ ಪಾರ್ಕ್‌ಗಳಿಗೆ ಹಲವು ಗೇಟುಗಳಿರುತ್ತವೆ. ಗೇಟಿನ ನಂಬರ್ ಹೇಳದೆ ‘ಗೇಟ್ ಹತ್ರ ಇದೀನಿ’ ಎಂದರೆ ಕಾರಿನವರು ಸುತ್ತು ಹಾಕಿಯೇ ಸುಸ್ತಾಗುತ್ತಾರೆ.

## ಹಂತ 9: ಖಾಯಂ ಗುಂಪು ಕಟ್ಟಿ

ಎರಡು ವಾರದಲ್ಲಿ ನಿಮಗೆ ಹತ್ತು ಹನ್ನೆರಡು ಜನ ಸಿಕ್ಕಿರುತ್ತಾರೆ. ಅದರಲ್ಲಿ ಹೊತ್ತಿಗೆ ಸರಿಯಾಗಿ ಬಂದವರು, ಗಾಡಿ ಚೆನ್ನಾಗಿ ಓಡಿಸಿದವರು, ದುಡ್ಡು ನೆನಪಿಸದೆ ಕೊಟ್ಟವರು ಯಾರು? ಅವರನ್ನು ಕೇಳಿ: ‘ವಾರಕ್ಕೆ ಈ ಮೂರು ದಿನ ಖಾಯಂ ಹೋಗೋಣ್ವಾ?’

ಐದು ಜನರಿರಲಿ, ಸೀಟು ನಾಲ್ಕೇ ಆದರೂ. ವಾರದಲ್ಲಿ ಒಬ್ಬರಿಗೆ ರಜೆ, ಒಬ್ಬರಿಗೆ ಮನೆಯಿಂದ ಕೆಲಸ ಇದ್ದೇ ಇರುತ್ತದೆ. ಐವರೂ ಬರುವ ದಿನಕ್ಕೆ ಯಾರು ಬಿಡಬೇಕು ಎಂಬ ಸರದಿಯನ್ನು ಮೊದಲೇ ಬರೆದಿಡಿ. ಇಬ್ಬರ ಬಳಿಯಾದರೂ ಕಾರಿರಲಿ. ಒಬ್ಬರದೇ ಕಾರಾದರೆ ಅವರು ರಜೆ ಹಾಕಿದ ದಿನ ಗುಂಪೇ ರಜೆ. ಸರದಿಯ ಮೇಲೆ ಕಾರು ತೆಗೆದರೆ ದುಡ್ಡಿನ ಲೆಕ್ಕವೂ ಹಗುರಾಗುತ್ತದೆ, ಬಾಡಿಗೆ ಎಂಬ ಅನುಮಾನಕ್ಕೂ ಜಾಗ ಕಡಿಮೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಲ್ಕು ನಿಯಮ ಪಿನ್ ಮಾಡಿ. ಬರುವುದಿಲ್ಲ ಎಂದರೆ ರಾತ್ರಿ ಹತ್ತರೊಳಗೆ ಹೇಳಬೇಕು. ಪಿಕಪ್ ಜಾಗದಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ದುಡ್ಡು ಶುಕ್ರವಾರ ಚುಕ್ತಾ. ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯ ಬೇಡ. ಮೂರು ನಿಮಿಷದ ನಿಯಮವನ್ನು ಮೊದಲ ವಾರವೇ ಮುಲಾಜಿಲ್ಲದೆ ಪಾಲಿಸಿ. ಒಮ್ಮೆ ಎಂಟು ನಿಮಿಷ ಕಾದರೆ ಎಂಟೇ ನಿಯಮವಾಗುತ್ತದೆ.

ಗುಂಪು ಆದ ಮೇಲೂ ಆಪ್ ತೆಗೆಯಬೇಡಿ. ಒಬ್ಬರು ಮನೆ ಬದಲಿಸುತ್ತಾರೆ, ಇನ್ನೊಬ್ಬರು ಕೆಲಸ ಬದಲಿಸುತ್ತಾರೆ. ಖಾಲಿಯಾದ ಜಾಗಕ್ಕೆ ಜನ ಬೇಕಾದಾಗ ಮತ್ತೆ ಅಲ್ಲೇ ಹುಡುಕಬೇಕು.

## ಇವು ಕಂಡರೆ ಹಿಂದೆ ಸರಿಯಿರಿ

ಕಾರಿನವರು ಆಪ್‌ನ ರೈಡ್ ರದ್ದು ಮಾಡಿಸಿ ನಗದು ಕೇಳುತ್ತಾರೆ, ಅದೂ ಇನ್ನೂ ಪರಿಚಯ ಇಲ್ಲದಾಗ. ಆಗ ಆ ಪ್ರಯಾಣದ ದಾಖಲೆಯೇ ಎಲ್ಲೂ ಇರುವುದಿಲ್ಲ. ಒಬ್ಬರೇ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಎರಡು ಮೂರು ರೈಡ್ ಹಾಕುತ್ತಿದ್ದಾರೆ ಎಂದರೆ ಅವರು ಆಫೀಸಿಗೆ ಹೋಗುತ್ತಿಲ್ಲ, ಬಿಳಿ ಬೋರ್ಡ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಾರೆ. ‘ಯಾರಾದರೂ ಕೇಳಿದರೆ ಫ್ರೆಂಡ್ಸ್ ಅಂತ ಹೇಳಿ’ ಎಂದು ಹೇಳಿಕೊಡುವವರ ಕಾರೂ ಬೇಡ. ದಾರಿ ಬಿಟ್ಟು ಒಳಬೀದಿಗೆ ತಿರುಗಿದಾಗ ‘ಯಾಕೆ ಈ ಕಡೆ?’ ಎಂದು ಕೂಡಲೇ ಕೇಳಿ. ಉತ್ತರ ಸಮಾಧಾನ ಆಗದಿದ್ದರೆ ಜನ ಓಡಾಡುವ ಜಾಗದಲ್ಲಿ ಇಳಿದುಬಿಡಿ.

ಕಾರಿನವರಿಗೂ ಎಚ್ಚರಿಕೆ ಇದೆ. ಒಪ್ಪಿಕೊಂಡು ಎರಡು ಸಲ ಕೈಕೊಟ್ಟವರನ್ನು ಮೂರನೇ ಸಲ ಸೇರಿಸಬೇಡಿ. ಒಬ್ಬರಿಗೆ ಸೀಟು ಹಾಕಿ ಇಬ್ಬರು ಬಂದು ನಿಂತರೆ, ಎರಡನೆಯವರ ಪರಿಚಯ ನಿಮಗಿಲ್ಲ ಎಂಬುದನ್ನು ಮರೆಯದೆ, ಇಲ್ಲ ಎಂದು ಮೆತ್ತಗೆ ಹೇಳಿ. ದೊಡ್ಡ ಪಾರ್ಸೆಲ್ ತಂದು ‘ಇದನ್ನ ಅಲ್ಲಿ ಕೊಟ್ಟುಬಿಡಿ’ ಎನ್ನುವವರಿಗೂ ಅದೇ ಉತ್ತರ.

ತೊಂದರೆ ಆದರೆ ಆಪ್‌ನಲ್ಲಿ ಬ್ಲಾಕ್ ಮಾಡಿ ಸುಮ್ಮನಾಗಬೇಡಿ, ದೂರು ಕೊಡಿ. ರೈಡ್‌ನ ಸಂಖ್ಯೆ, ಕಾರಿನ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಅದೇ ದಿನ ತೆಗೆದಿಟ್ಟುಕೊಳ್ಳಿ. ಎದುರಿನವರು ಖಾತೆ ಅಳಿಸಿದರೆ ಚಾಟ್ ಸಿಗದೆ ಹೋಗಬಹುದು.